ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಸೋರಿಕೆ: ಹೊಸ ಸೀಲ್ ಹಾಕಿದರೂ ನಿಲ್ಲುತ್ತಿಲ್ಲ

ಸರಕುಗಾಡಿ

ನನ್ನ ಪಿಕಪ್ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಹಿಂದಿನ ಚಕ್ರಗಳಷ್ಟೇ ಎಳೆಯುವ ಮಾದರಿ, ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್, ಹಿಂದೆ ಡ್ರಮ್ ಬ್ರೇಕ್. ಕೆಲವು ತಿಂಗಳುಗಳಿಂದ ಡಿಫರೆನ್ಷಿಯಲ್ ಹೌಸಿಂಗ್‌ನ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಪೆಟ್ಟಿಗೆ) ತಳ ಸದಾ ಒದ್ದೆಯಾಗಿರುತ್ತದೆ. ವರ್ಕ್‌ಶಾಪ್‌ನಲ್ಲಿ ತೋರಿಸಿದಾಗ ಪಿನಿಯನ್ ಸೀಲ್ (ಆ ಗೇರ್‌ಗಳನ್ನು ತಿರುಗಿಸುವ ಸಣ್ಣ ಗೇರ್‌ನ ಶಾಫ್ಟ್ ಹೊರಬರುವಲ್ಲಿ ಎಣ್ಣೆ ತಡೆಯುವ ಬಳೆ) ಹೋಗಿದೆ ಎಂದು ಹೊಸದನ್ನು ಹಾಕಿಕೊಟ್ಟರು. ಸ್ವಲ್ಪ ಕಾಲ ಒಣಗಿಯೇ ಇತ್ತು, ಈಗ ಮತ್ತೆ ತೊಟ್ಟಿಕ್ಕುತ್ತಿದೆ. ಹೊರೆ ಹೇರಿಕೊಂಡು ದೂರ ಓಡಿಸಿದ ದಿನ ಹೆಚ್ಚು ಸೋರುತ್ತದೆ. ಖಾಲಿ ಗಾಡಿಯಲ್ಲಿ ಹತ್ತಿರ ಹೋಗಿ ಬಂದರೆ ನೆಲದಲ್ಲಿ ಕಲೆಯೇ ಇರುವುದಿಲ್ಲ. ಗೇರ್ ಕೊರೆಯುವಂಥ ಶಬ್ದವೇನೂ ಕೇಳಿಸುತ್ತಿಲ್ಲ.

ಮತ್ತೊಮ್ಮೆ ಸೀಲ್ ಬದಲಿಸೋಣ ಎನ್ನುತ್ತಿದ್ದಾರೆ. ಎಣ್ಣೆ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಇನ್ನೊಮ್ಮೆ ಬಿಚ್ಚಿಸಲು ಮನಸ್ಸಿಲ್ಲ. ಕೈಯಲ್ಲಿ ಪಾನಾ ಹಿಡಿದು ಅಭ್ಯಾಸವಿದೆ. ಎಲ್ಲಿಂದ ಆರಂಭಿಸಲಿ?

ಪಾನಾಪೆಟ್ಟಿಗೆ

ಬಿಚ್ಚುವ ಮುಂಚೆ ತೊಳೆಯಿರಿ. ಡಿಫರೆನ್ಷಿಯಲ್ ಸೋರಿಕೆಯಲ್ಲಿ ಹೆಚ್ಚಿನವರು ಬಿಡುವ ಹೆಜ್ಜೆ ಇದೇ. ಎಣ್ಣೆ ಹೊರಬಂದ ಜಾಗ ಒಂದಾದರೆ, ತೊಟ್ಟಿಕ್ಕುವ ಜಾಗ ಇನ್ನೊಂದು. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್‌ಗೆ ಜೋಡಿಸುವ ಫ್ಲ್ಯಾಂಜ್ ತಿರುಗುತ್ತಾ ಅದನ್ನು ಸುತ್ತಲೂ ಎರಚುತ್ತದೆ, ಕೊನೆಗೆ ಎಲ್ಲವೂ ಹೌಸಿಂಗ್‌ನ ಕೆಳತುದಿಗೆ ಇಳಿದು ಅಲ್ಲಿಂದಲೇ ಬೀಳುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಎಲ್ಲ ಸೋರಿಕೆಯೂ ಒಂದೇ ರೀತಿ ಕಾಣುತ್ತದೆ.

ಮೊದಲು ಅದು ಗೇರ್ ಎಣ್ಣೆಯೇ ಎಂದು ಖಚಿತಪಡಿಸಿಕೊಳ್ಳಿ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗಂಧಕದ ಕಟುವಾಸನೆ ಬಂದರೆ ಡಿಫರೆನ್ಷಿಯಲ್ ಎಣ್ಣೆ. ಹಲ್ಲುಗಳ ಮೇಲಿನ ಭಾರೀ ಒತ್ತಡ ತಡೆಯಲು ಬೆರೆಸುವ ಗಂಧಕ–ರಂಜಕದ ಸಂಯುಕ್ತಗಳ ವಾಸನೆ ಅದು, ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಬ್ರೇಕ್ ಎಣ್ಣೆ ತೆಳ್ಳಗಿರುತ್ತದೆ, ನೀರಿನಲ್ಲಿ ಬೆರೆಯುತ್ತದೆ. ಗೇರ್‌ಬಾಕ್ಸ್‌ನ ಹಿಂದಿನ ಸೀಲ್ ಸೋರಿದರೂ ಎಣ್ಣೆ ಪ್ರೊಪೆಲ್ಲರ್ ಶಾಫ್ಟ್ ಗುಂಟ, ಚಾಸಿಯ ತಳದ ಗುಂಟ ಹಿಂದಕ್ಕೆ ಬರಬಹುದು. ಆದ್ದರಿಂದ ಗೇರ್‌ಬಾಕ್ಸ್‌ನ ಬಾಲದಿಂದಲೇ ನೋಡುತ್ತಾ ಬನ್ನಿ.

ನಂತರ ಡಿಗ್ರೀಸರ್ ಹಾಕಿ ಬ್ರಷ್‌ನಿಂದ ಉಜ್ಜಿ ಹೌಸಿಂಗ್, ಪಿನಿಯನ್ ಮೂತಿ, ಆಕ್ಸಲ್ ಕೊಳವೆಗಳು, ಎರಡೂ ಕಡೆಯ ಬ್ರೇಕ್ ತಟ್ಟೆಯ ಒಳಭಾಗ, ಮೇಲಿನ ಚಾಸಿಯ ತಳ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಿ. ಒಣಗಿದ ಮೇಲೆ ಟಾಲ್ಕಮ್ ಪೌಡರನ್ನು ತೆಳ್ಳಗೆ ಎರಚಿ. ಹೊರೆ ಹೇರಿ 20–30 ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿಯ ಮೇಲೆ ಮೊದಲ ಕಪ್ಪು ಗೆರೆ ಎಲ್ಲಿ ಮೂಡಿದೆಯೋ ಅದರ ಮೇಲ್ತುದಿಯೇ ಸೋರಿಕೆಯ ಬಾಯಿ. ಕಲೆಯ ತಳವನ್ನು ನೋಡಬೇಡಿ, ತುದಿಯನ್ನು ನೋಡಿ.

ನೀವು ಹೇಳಿದ ಒಂದು ಮಾತು ನನ್ನ ಗಮನ ಸೆಳೆಯಿತು. ಹೊರೆ ಇದ್ದಾಗ, ದೂರ ಓಡಿದಾಗ ಮಾತ್ರ ಸೋರುತ್ತದೆ ಎಂದರೆ ಬಿಸಿಗೂ ಅದಕ್ಕೂ ಸಂಬಂಧವಿದೆ. ಬ್ರೀದರ್ ನೋಡಿದ್ದೀರಾ?

ಕೆಸರುದಾರಿ

ಪಾನಾಪೆಟ್ಟಿಗೆಯವರು ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಾರೆ. ಬ್ರೀದರ್ ಎಂದರೆ ಆಕ್ಸಲ್ ಹೌಸಿಂಗ್ ಮೇಲೆ ಕೂರುವ ಸಣ್ಣ ಮುಚ್ಚಳದ ಕವಾಟ. ಕೆಲವು ಗಾಡಿಗಳಲ್ಲಿ ಅದರಿಂದ ಒಂದು ರಬ್ಬರ್ ಕೊಳವೆ ಮೇಲಕ್ಕೆ ಹೋಗಿರುತ್ತದೆ. ಹೌಸಿಂಗ್ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಗೆ ಹೋಗಲು ಇರುವ ದಾರಿ ಅದೊಂದೇ. ಅದು ಕೆಸರಿನಿಂದಲೋ ತುಕ್ಕಿನಿಂದಲೋ ಕಟ್ಟಿಕೊಂಡರೆ ಒಳಗಿನ ಒತ್ತಡ ಸೀಲ್‌ಗಳ ತುಟಿಯನ್ನು ಸರಿಸಿಕೊಂಡು ಹೊರಬರುತ್ತದೆ, ಜೊತೆಗೆ ಎಣ್ಣೆಯನ್ನೂ ತರುತ್ತದೆ. ಎಷ್ಟೇ ಒಳ್ಳೆಯ ಸೀಲ್ ಹಾಕಿದರೂ ಅದೇ ಗತಿ.

ಪರೀಕ್ಷೆ ಸುಲಭ. ಬ್ರೀದರ್‌ನ ಮುಚ್ಚಳ ಬೆರಳಿಗೆ ಅಲುಗಾಡಬೇಕು, ತಿರುಗಬೇಕು. ಕೊಳವೆ ಇದ್ದರೆ ಕಿತ್ತು ಊದಿ ನೋಡಿ. ಇನ್ನೊಂದು ಲಕ್ಷಣ ಇದೆ: ಗಾಡಿ ಬಿಸಿಯಾಗಿರುವಾಗ ಎಣ್ಣೆ ತುಂಬುವ ಮೇಲಿನ ಪ್ಲಗ್ ಸಡಿಲಿಸಿದರೆ ಬುಸ್ಸೆಂದು ಗಾಳಿ ಹೊರಬರುತ್ತದೆ. ಹಾಗೆ ಬಂದರೆ ಬೇರೆ ಸಾಕ್ಷಿಯೇ ಬೇಡ. ಎಣ್ಣೆ ಸಿಡಿಯಬಹುದು, ಮುಖ ದೂರವಿಟ್ಟುಕೊಳ್ಳಿ, ಕೈಗವಸು ಹಾಕಿಕೊಳ್ಳಿ.

ಕಟ್ಟಿಕೊಂಡ ಬ್ರೀದರ್ ತಿರುಗಿಯೂ ಹೊಡೆಯುತ್ತದೆ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಸೀಲ್‌ಗಳ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆತಂತೆ ಕಂಡರೆ ಅದನ್ನು ಆ ದಿನವೇ ಬದಲಿಸಬೇಕು. ನೀರು ನಿಲ್ಲುವ ದಾರಿಯಲ್ಲಿ ಓಡಾಡುವವರು ಬ್ರೀದರ್ ಕೊಳವೆಯನ್ನು ಉದ್ದ ಮಾಡಿ ಚಾಸಿಯ ಎತ್ತರಕ್ಕೆ ಒಯ್ದುಕೊಳ್ಳುವುದು ಒಳ್ಳೆಯದು. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಕೊಳವೆಗೆ ಸಾಕಷ್ಟು ಸಡಿಲ ಬಿಡಬೇಕು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತದೆ.

ಸರಕುಗಾಡಿ

ಹೇಳಿದಂತೆಯೇ ಮಾಡಿದೆ. ಬ್ರೀದರ್ ಮುಚ್ಚಳ ಕಲ್ಲಿನಂತೆ ಕುಳಿತಿತ್ತು. ಯಾವಾಗಲೋ ಚಾಸಿಗೆ ಕಪ್ಪು ಬಣ್ಣ ಬಳಿದವರು ಅದರ ಮೇಲೂ ಬಳಿದಿದ್ದಾರೆ, ಅದರ ಮೇಲೆ ಮಣ್ಣು ಗಟ್ಟಿಯಾಗಿದೆ. ಹೊರಗೆ ತೆಗೆದು ಊದಿದರೆ ಗಾಳಿ ಒಂದಿಷ್ಟೂ ಹೋಗುವುದಿಲ್ಲ. ಹೊಸ ಬ್ರೀದರ್ ಹಾಕಿದ್ದೇನೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಬ್ರೀದರ್ ಹಾಕಿ, ತೊಳೆದು, ಪೌಡರ್ ಹಚ್ಚಿ ಹೊರೆಯೊಂದಿಗೆ ಓಡಿಸಿದೆ. ಸೋರಿಕೆ ತುಂಬಾ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಕವರ್‌ನ ಪ್ಯಾಕಿಂಗ್ ಸುತ್ತ ಪೌಡರ್ ಬೆಳ್ಳಗೇ ಇದೆ, ಎರಡೂ ಪ್ಲಗ್‌ಗಳು ಒಣಗಿವೆ, ಚಕ್ರಗಳ ಕಡೆಯೂ ಏನಿಲ್ಲ. ಪಿನಿಯನ್ ಮೂತಿಯ ಕೆಳಗೆ ಒಂದು ಗೆರೆ ಇಳಿದಿದೆ. ಮೇಲೆ ಗಾಡಿಯ ತಳದಲ್ಲಿ ಫ್ಲ್ಯಾಂಜ್‌ನ ನೇರಕ್ಕೆ ಸಣ್ಣ ಹನಿಗಳ ಅಡ್ಡಪಟ್ಟಿ ಎರಚಿದಂತಿದೆ. ಇನ್ನೊಂದು ವಿಷಯ: ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ನೋಡಿದರೆ ಫ್ಲ್ಯಾಂಜ್‌ನ ಒಳಬಟ್ಟಲಿನಲ್ಲಿ, ನಟ್‌ನ ಸುತ್ತ ಎಣ್ಣೆ ನಿಂತಿದೆ. ಸೀಲ್ ಇರುವುದು ಫ್ಲ್ಯಾಂಜ್‌ನ ಹಿಂದೆ ಅಲ್ಲವೇ? ಮುಂದಕ್ಕೆ ಎಣ್ಣೆ ಹೇಗೆ ಬಂತು?

ಕ್ರೌನ್‌ಪಿನಿಯನ್

ಆಕ್ಸಲ್ ಕೆಲಸವನ್ನೇ ಮಾಡುವವನು ನಾನು. ನಟ್‌ನ ಸುತ್ತ ಎಣ್ಣೆ ನಿಂತಿದ್ದರೆ ಅದು ಸೀಲ್ ದಾಟಿ ಬಂದದ್ದಲ್ಲ. ಪಿನಿಯನ್ ಶಾಫ್ಟ್‌ಗೂ ಫ್ಲ್ಯಾಂಜ್‌ಗೂ ನಡುವೆ ಇರುವ ಸ್ಪ್ಲೈನ್ ಹಲ್ಲುಗಳ ಸಂದಿಯಲ್ಲಿ ಒಳಗಿನಿಂದಲೇ ಮುಂದಕ್ಕೆ ಹರಿದು ನಟ್‌ನ ಕೆಳಗಿಂದ ಹೊರಬಂದಿದೆ. ಸೀಲ್ ಎಷ್ಟು ಸಲ ಬದಲಿಸಿದರೂ ಇದು ನಿಲ್ಲುವುದಿಲ್ಲ. ಫ್ಲ್ಯಾಂಜ್ ಕೂರಿಸುವಾಗ ಸ್ಪ್ಲೈನ್‌ನ ಹೊರತುದಿಗೂ ನಟ್ ಕೂರುವ ಮುಖಕ್ಕೂ ಎಣ್ಣೆ ತಾಳುವ ಸೀಲಂಟ್ ತೆಳ್ಳಗೆ ಹಚ್ಚಬೇಕು. ಹಿಂದಿನವರು ಅದನ್ನು ಹಚ್ಚಿಲ್ಲ ಎಂದು ಕಾಣುತ್ತದೆ.

ಫ್ಲ್ಯಾಂಜ್ ಕೈಗೆ ಬಂದಾಗ ಸೀಲ್ ಉಜ್ಜುವ ಅದರ ಕತ್ತಿನ ಮೇಲೆ ಉಗುರು ಎಳೆಯಿರಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸೀಲ್‌ನ ತುಟಿ ತಿಕ್ಕಿ, ನಡುವೆ ಸಿಕ್ಕ ಧೂಳು ಕೊರೆದು ಅಲ್ಲಿ ಹೊಳೆಯುವ ಗೆರೆ ಬಿದ್ದಿರುತ್ತದೆ. ಬರಿ ಹೊಳಪಾದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡರೆ ಅದು ಕಾಲುವೆ, ಹೊಸ ಸೀಲ್‌ನ ತುಟಿ ಅಲ್ಲಿ ಒತ್ತಿ ಕೂರುವುದಿಲ್ಲ. ಹೊಸ ಫ್ಲ್ಯಾಂಜ್ ಹಾಕುವುದು ಉತ್ತಮ. ಸಿಗದಿದ್ದರೆ ಕತ್ತಿನ ಮೇಲೆ ತೊಡಿಸುವ ತೆಳು ಉಕ್ಕಿನ ರಿಪೇರಿ ಸ್ಲೀವ್ ಸಿಗುತ್ತದೆ. ಗೋಡೆ ಸುಮಾರು 0.3 ಮಿಲಿಮೀಟರ್ ದಪ್ಪ ಇರುವುದರಿಂದ ಅದೇ ಅಳತೆಯ ಸೀಲ್ ಸಾಕು.

ಇವೆಲ್ಲಕ್ಕಿಂತ ಮುಖ್ಯ ಮಾತು ಪಿನಿಯನ್ ನಟ್‌ನದು. ಬಹಳ ಆಕ್ಸಲ್‌ಗಳಲ್ಲಿ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಒತ್ತಿದರೆ ಕುಸಿಯುವ ಒಂದು ಸ್ಲೀವ್ ಇರುತ್ತದೆ. ನಟ್ ಬಿಗಿದಂತೆ ಅದು ಕುಸಿಯುತ್ತದೆ, ಬೇರಿಂಗ್‌ಗಳ ಮೇಲೆ ಲೆಕ್ಕದ ಒತ್ತಡ ಕೂರುತ್ತದೆ. ಅದನ್ನೇ ಪ್ರೀಲೋಡ್ ಎನ್ನುವುದು. ಕುಸಿದದ್ದು ಮತ್ತೆ ಏಳುವುದಿಲ್ಲ. ಇಂಪ್ಯಾಕ್ಟ್ ಗನ್ ಹಿಡಿದು ಗರ್ರನೆ ಬಿಗಿದರೆ ಸ್ಲೀವ್ ಮಿತಿ ಮೀರಿ ಕುಸಿದು ಬೇರಿಂಗ್ ಬಿಗಿಯಾಗುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಊಳಿಡತೊಡಗುತ್ತದೆ. ಕಡಿಮೆ ಬಿಗಿದರೆ ಪಿನಿಯನ್ ಆಡುತ್ತದೆ, ಸೀಲ್ ಸೋರುತ್ತದೆ, ಕ್ರೌನ್‌ನ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಹಲ್ಲು ಕೆಡುತ್ತದೆ. ನಟ್‌ಗೆ ಕೊಡುವ ಬಲದಿಂದ ಇದನ್ನು ಅಳೆಯಲಾಗದು. ನಟ್ ತಿರುಗಿಸಲು ಸ್ಲೀವ್ ಕುಸಿಯುವಾಗ 200 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಲ ಬೇಕಾಗುತ್ತದೆ, ಆದರೆ ಪಿನಿಯನ್ ತಿರುಗಲು ತೆಗೆದುಕೊಳ್ಳುವ ಬಲ ಓಡಿದ ಬೇರಿಂಗ್‌ಗಳಲ್ಲಿ ಸಾಮಾನ್ಯವಾಗಿ 1–2 ನ್ಯೂಟನ್ ಮೀಟರ್ ಆಸುಪಾಸು. ಅಳೆಯಬೇಕಾದದ್ದು ಎರಡನೆಯದನ್ನು. ನಿಮ್ಮ ಆಕ್ಸಲ್‌ಗೆ ತಯಾರಕರ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ.

ನಟ್ ಮುಟ್ಟುವ ಮೊದಲು ಫ್ಲ್ಯಾಂಜನ್ನು ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಜಗ್ಗಿ. ಹಲ್ಲುಗಳ ನಡುವಿನ ಸ್ವಲ್ಪ ತಿರುಗಾಟ ಸಹಜ. ಆದರೆ ಟಕ್ ಎಂದು ಆಡಿದರೆ ಬೇರಿಂಗ್ ಹೋಗಿದೆ, ಸೀಲ್‌ನ ಮಾತೇ ಬೇಡ, ಪೂರ್ತಿ ಬಿಚ್ಚಬೇಕು.

ಪಾನಾಪೆಟ್ಟಿಗೆ

ಒಂದು ಸುರಕ್ಷತೆಯ ಮಾತು ಸೇರಿಸುತ್ತೇನೆ. ಹಿಂಭಾಗ ಎತ್ತಿ ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಮೇಲೆ ಗಾಡಿಯನ್ನು ಗೇರ್ ಹಿಡಿಯುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಗಾಳಿಯಲ್ಲಿರುವ ಹಿಂದಿನ ಚಕ್ರಗಳನ್ನು, ಅದರಿಂದಲೂ ಉಪಯೋಗವಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಅಡ್ಡೆ ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಆಕ್ಸಲ್ ಸ್ಟ್ಯಾಂಡ್. ಜಾಕನ್ನು ಡಿಫರೆನ್ಷಿಯಲ್ ಕವರ್‌ನ ತಗಡಿಗೆ ಕೊಡಬೇಡಿ, ಕವರ್ ಸೊಟ್ಟಗಾದರೆ ಅಲ್ಲೊಂದು ಹೊಸ ಸೋರಿಕೆ.

ಬಿಚ್ಚುವ ಮುಂಚೆ ಶಾಫ್ಟ್‌ಗೂ ಫ್ಲ್ಯಾಂಜ್‌ಗೂ ಸೇರಿಸಿ ಗುರುತು ಹಾಕಿ, ಹಾಗೆಯೇ ಜೋಡಿಸಿ. ಇಲ್ಲದಿದ್ದರೆ ವೇಗದಲ್ಲಿ ಅದುರು ಬರಬಹುದು.

ಸರಕುಗಾಡಿ

ಫ್ಲ್ಯಾಂಜ್ ಆಡುತ್ತಿಲ್ಲ. ಆದರೆ ತಿರುಗುವ ಬಲ ಅಳೆಯಲು ಅಷ್ಟು ಸಣ್ಣ ಅಳತೆಯ ಟಾರ್ಕ್ ಪಾನಾ ನನ್ನಲ್ಲಿಲ್ಲ. ನಟ್, ಶಾಫ್ಟ್ ತುದಿ, ಫ್ಲ್ಯಾಂಜ್ ಮೂರಕ್ಕೂ ಒಂದೇ ನೇರದಲ್ಲಿ ಗುರುತು ಹಾಕಿ, ಮತ್ತೆ ಅದೇ ಗುರುತಿಗೆ ಬಿಗಿದರೆ ಸಾಕು ಎಂದು ಒಬ್ಬರು ಹೇಳಿದರು. ಸರಿಯೇ?

ಕ್ರೌನ್‌ಪಿನಿಯನ್

ಹಳೆಯ ನಟ್ ಹಾಕುವುದಾದರೆ ಮಾತ್ರ ಆ ಗುರುತಿಗೆ ಅರ್ಥ. ಈ ನಟ್‌ಗಳು ತಾವಾಗಿ ಸಡಿಲವಾಗದಂತೆ ಹಿಡಿತ ಇರುವಂಥವು, ಒಮ್ಮೆ ತೆಗೆದರೆ ಆ ಹಿಡಿತ ಹೋಗುತ್ತದೆ, ಹೊಸದನ್ನೇ ಹಾಕಬೇಕು. ಹೊಸ ನಟ್‌ನ ಮರೆ (ತಿರುಪಿನ ಸುರುಳಿ ಗೆರೆ) ಬೇರೆ ಕಡೆಯಿಂದ ಶುರುವಾಗುವುದರಿಂದ ಹಳೆಯ ಗುರುತು ಕೂಡುವುದಿಲ್ಲ. ನಟ್‌ನ ಹೊರಗೆ ಕಾಣುವ ಮರೆಗಳನ್ನು ಎಣಿಸಿಟ್ಟುಕೊಳ್ಳಿ, ಅದು ಅಂದಾಜಿಗೆ. ನಿಜವಾದ ಅಳತೆಗೆ ತೂಕದ ಸ್ಪ್ರಿಂಗ್ ತಕ್ಕಡಿಯೇ ಸಾಕು.

ಎರಡೂ ಚಕ್ರ, ಎರಡೂ ಡ್ರಮ್ ತೆಗೆಯಿರಿ, ಬ್ರೇಕ್ ಎಲ್ಲೂ ತಾಗಬಾರದು. ಫ್ಲ್ಯಾಂಜ್‌ನ ಸುತ್ತ ಗಟ್ಟಿ ದಾರವನ್ನು ಕೆಲವು ಸುತ್ತು ಸುತ್ತಿ, ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ ನಿಧಾನವಾಗಿ ಒಂದೇ ಸಮನೆ ಎಳೆಯಿರಿ. ಹೊರಡುವಾಗಿನ ಎಳೆತ ಹೆಚ್ಚಿರುತ್ತದೆ, ಅದನ್ನು ಬಿಡಿ. ತಿರುಗುತ್ತಿರುವಾಗ ಎಷ್ಟು ತೋರಿಸುತ್ತದೆ ಎಂದು ನೋಡಿ. ದಾರ ಸುತ್ತಿದ ಜಾಗದ ತ್ರಿಜ್ಯ 5 ಸೆಂಟಿಮೀಟರ್, ತಕ್ಕಡಿ 2 ಕಿಲೋ ತೋರಿಸಿತು ಎನ್ನಿ, ಅದು ಸುಮಾರು 20 ನ್ಯೂಟನ್ ಎಳೆತ, ಅಂದರೆ ಸುಮಾರು 1 ನ್ಯೂಟನ್ ಮೀಟರ್. ಈ ಅಳತೆಯಲ್ಲಿ ಕ್ರೌನ್, ಅದರ ಬೇರಿಂಗ್‌ಗಳು, ಆಕ್ಸಲ್ ಶಾಫ್ಟ್‌ಗಳ ಎಳೆತವೂ ಸೇರಿರುತ್ತದೆ, ಆದ್ದರಿಂದ ಪಿನಿಯನ್ ಒಂದಕ್ಕೇ ಕೈಪಿಡಿ ಕೊಟ್ಟ ಅಂಕಿಯೊಂದಿಗೆ ನೇರ ಹೋಲಿಸಬೇಡಿ. ಬಿಚ್ಚುವ ಮೊದಲು ಎಷ್ಟಿತ್ತು, ಜೋಡಿಸಿದ ಮೇಲೆ ಎಷ್ಟಾಯಿತು ಎಂಬುದನ್ನು ಹೋಲಿಸಿ.

ಬಿಗಿಯುವಾಗ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ರತಿ ಸಲವೂ ಫ್ಲ್ಯಾಂಜನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಬೇರಿಂಗ್ ಕೂರಲು ಬಿಟ್ಟು ಮತ್ತೆ ಅಳೆಯಿರಿ. ಮೊದಲಿನ ಅಳತೆಗೆ ಬಂದು, ಕೂದಲೆಳೆಯಷ್ಟು ಹೆಚ್ಚಾದ ತಕ್ಷಣ ನಿಲ್ಲಿಸಿ.

ಕೆಸರುದಾರಿ

ಇಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಹಿಂದೆ ಯಾರೋ ಒಮ್ಮೆ ನಟ್ ಬಿಚ್ಚಿ ಬಿಗಿದಿದ್ದಾರೆ. ಈಗಿರುವ ಅಳತೆಯೇ ಸರಿಯಾದದ್ದು ಎಂದು ನಂಬುವುದು ಹೇಗೆ? ಸ್ಲೀವ್ ಹೊಸದನ್ನೇ ಹಾಕಿ ಮೊದಲಿನಿಂದ ಅಳೆದು ಬಿಗಿಯುವುದೇ ಸರಿ. ಕುಸಿದ ಸ್ಲೀವ್ ಮೇಲೆ ಮತ್ತೆ ಬಿಗಿದರೆ ಸ್ಪ್ರಿಂಗ್‌ನಂತೆ ಹಿಡಿಯುವ ಗುಣ ಕಡಿಮೆಯಿರುತ್ತದೆ, ಮುಂದೆ ನಟ್ ಸಡಿಲವಾಗುವ ಸಾಧ್ಯತೆ ಹೆಚ್ಚು.

ಕ್ರೌನ್‌ಪಿನಿಯನ್

ನಿಮ್ಮ ಆತಂಕ ನ್ಯಾಯವಾದದ್ದೇ. ತಯಾರಕರಲ್ಲೂ ಎರಡು ಪಂಥಗಳಿವೆ. ಕೆಲವರು ಸೀಲ್ ಬದಲಿಸುವಾಗ ಅಳೆದು ಹಳೆಯ ಸ್ಲೀವ್ ಮೇಲೇ ಬಿಗಿಯಲು ಹೇಳುತ್ತಾರೆ, ಕೆಲವರು ಹೊಸ ಸ್ಲೀವ್ ಕಡ್ಡಾಯ ಎನ್ನುತ್ತಾರೆ. ಕೈಪಿಡಿ ಕಡ್ಡಾಯ ಎಂದರೆ ಎರಡನೇ ಮಾತಿಲ್ಲ. ಕೆಲವು ಆಕ್ಸಲ್‌ಗಳಲ್ಲಿ ಕ್ರೌನ್ ಇಳಿಸದೆ, ಮುಂದಿನ ಬೇರಿಂಗನ್ನು ಮುಂದಿನಿಂದಲೇ ತೆಗೆದು ಸ್ಲೀವ್ ಬದಲಿಸಬಹುದು, ಅಲ್ಲಿ ಹೊಸದನ್ನು ಹಾಕಿಬಿಡುವುದೇ ಜಾಣತನ. ಸ್ಲೀವ್ ಬದಲು ಗಟ್ಟಿ ಶಿಮ್ (ಕುಸಿಯದ ಲೋಹದ ಬಿಲ್ಲೆ) ಇರುವ ಆಕ್ಸಲ್ ಆದರೆ ಈ ಚರ್ಚೆಯೇ ಬೇಡ, ಹೇಳಿದ ಬಲಕ್ಕೆ ನಟ್ ಬಿಗಿದರೆ ಮುಗಿಯಿತು.

ಈಗಿನ ಅಳತೆ ಅತಿಯಾಗಿ ಬಿಗಿ ಬಂದರೆ, ಅಥವಾ ಓಡಿಸಿ ಬಂದ ಮೇಲೆ ಪಿನಿಯನ್ ಮೂತಿ ಕೈ ಇಡಲಾಗದಷ್ಟು ಬಿಸಿಯಿದ್ದು ಉಳಿದ ಹೌಸಿಂಗ್ ಬೆಚ್ಚಗಷ್ಟೇ ಇದ್ದರೆ, ಕೆಸರುದಾರಿಯವರು ಹೇಳಿದ ದಾರಿಯೇ ಸರಿ.

ಸರಕುಗಾಡಿ

ಕೆಲಸ ಮುಗಿಸಿದೆ, ವಿವರ ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾಗಲಿ.

ನನ್ನ ಗಾಡಿಯ ಕೈಪಿಡಿ ಹಳೆಯ ಸ್ಲೀವ್ ಮೇಲೆ ಬಿಗಿಯಲು ಒಪ್ಪುತ್ತದೆ. ಬಿಚ್ಚುವ ಮೊದಲು ತಕ್ಕಡಿ 2.5 ಕಿಲೋ ತೋರಿಸಿತು, ಅಂದರೆ ಸುಮಾರು 1.2 ನ್ಯೂಟನ್ ಮೀಟರ್. ಫ್ಲ್ಯಾಂಜ್ ಹೊರಬಂದಾಗ ಕತ್ತಿನ ಮೇಲೆ ಉಗುರು ಸಿಕ್ಕಿಕೊಳ್ಳುವ ಕಾಲುವೆ ಇತ್ತು. ಸ್ಪ್ಲೈನ್ ಮೇಲೆ ಸೀಲಂಟ್‌ನ ಕುರುಹೇ ಇಲ್ಲ. ಅಂದರೆ ಬ್ರೀದರ್ ಕಟ್ಟಿಕೊಂಡದ್ದು, ಕತ್ತು ಸವೆದದ್ದು, ಸ್ಪ್ಲೈನ್ ಸಂದಿ ಮೂರೂ ಸೇರಿಯೇ ಸೋರುತ್ತಿತ್ತು.

ಹೊಸ ಫ್ಲ್ಯಾಂಜ್, ಹೊಸ ನಟ್, ಹೊಸ ಸೀಲ್ ಹಾಕಿದೆ. ಹಳೆಯ ಸೀಲ್ ಕೀಳುವಾಗ ಹೌಸಿಂಗ್‌ನ ಒಳಗೋಡೆಗೆ ಗೀರು ಬೀಳದಂತೆ ನೋಡಿಕೊಂಡೆ. ಹೊಸದನ್ನು ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಇಟ್ಟು, ತುಟಿಗೆ ಗ್ರೀಸ್ ಸವರಿ, ಅದೇ ಅಗಲದ ಕೊಳವೆಯ ತುಂಡನ್ನು ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದೆ. ಬಿಗಿದ ಮೇಲೆ ತಕ್ಕಡಿ 2.8 ಕಿಲೋ ತೋರಿಸಿತು, ಹೊಸ ಸೀಲ್‌ನ ಹಿಡಿತವೂ ಅದರಲ್ಲಿ ಸೇರಿರಬಹುದು. ಎಣ್ಣೆಯನ್ನೂ ಬದಲಿಸಿದೆ. ಇಳಿಸುವ ಪ್ಲಗ್‌ನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪವಿತ್ತು, ಬೆರಳಲ್ಲಿ ಉಜ್ಜಿದರೆ ಚೂರು ಸಿಗಲಿಲ್ಲ. ಹೊರೆಯೊಂದಿಗೆ ಓಡಿಸಿದ್ದೇನೆ. ಪಿನಿಯನ್ ಮೂತಿ ಒಣಗಿದೆ, ಬಿಸಿ ಹೌಸಿಂಗ್‌ಗೆ ಸಮನಾಗಿದೆ.

ಪಾನಾಪೆಟ್ಟಿಗೆ

ಅಚ್ಚುಕಟ್ಟಾದ ಕೆಲಸ. ಆಯಸ್ಕಾಂತದ ಮೇಲಿನ ಬೂದು ಲೇಪ ಸಹಜ ಸವೆತ. ಚೂಪಾದ ಚೂರು, ಹಲ್ಲಿನ ತುಣುಕು ಸಿಕ್ಕಿದ್ದರೆ ಮಾತು ಬೇರೆಯಾಗುತ್ತಿತ್ತು.

ಮುಂದೆ ಓದುವವರಿಗೆ ಎರಡು ಮಾತು. ಎಣ್ಣೆ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿ ಬರುತ್ತದೆಯೇ ನೋಡಿ. ಕೆಳಗಿನದನ್ನು ತೆಗೆದು ಖಾಲಿ ಮಾಡಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದಿದ್ದರೆ ಗಾಡಿ ಅಲ್ಲೇ ನಿಂತಿತು. ಎಣ್ಣೆ ತುಂಬುವಾಗ ಗಾಡಿ ಸಮತಟ್ಟಾದ ನೆಲದಲ್ಲಿರಲಿ. ಸಾಮಾನ್ಯವಾಗಿ ತುಂಬುವ ತೂತಿನ ಕೆಳಅಂಚಿಗೆ ಬಂದು ಹೊರಚೆಲ್ಲಿದರೆ ಮಟ್ಟ ಸರಿ. ಹಿಂಭಾಗ ಎತ್ತಿದ ಸ್ಥಿತಿಯಲ್ಲಿ ತುಂಬಿದರೆ ಮಟ್ಟ ತಪ್ಪುತ್ತದೆ. ಹೆಚ್ಚಾದ ಎಣ್ಣೆ ಆಕ್ಸಲ್ ಕೊಳವೆಗಳ ಮೂಲಕ ಚಕ್ರದ ಸೀಲ್ ಮೇಲೂ ಬ್ರೀದರ್ ಬಾಯಿಗೂ ನುಗ್ಗುತ್ತದೆ.

ಹೊಸಚಾಲಕ

ಚರ್ಚೆ ಓದಿ ನನ್ನ ಗಾಡಿಯ ಕೆಳಗೂ ನೋಡಿದೆ. ನಡುವೆ ಒಣಗಿದೆ, ಆದರೆ ಬಲಗಡೆ ಹಿಂದಿನ ಟೈರ್‌ನ ಒಳಮೈ ಒದ್ದೆ, ಬ್ರೇಕ್ ತಟ್ಟೆಯ ಕೆಳಗೆ ಕಪ್ಪು ಜಿಗುಟು. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಸೋರಿಕೆ ನಿಲ್ಲಿಸುವ ಒಂದು ಸೇರ್ಪಡೆ ದ್ರವ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಡಿಫರೆನ್ಷಿಯಲ್‌ಗೆ ಹಾಕಿದರೆ ಸಾಲದೇ?

ಕ್ರೌನ್‌ಪಿನಿಯನ್

ಸಾಲದು. ಆ ದ್ರವಗಳು ರಬ್ಬರನ್ನು ಸ್ವಲ್ಪ ಊದಿಸಿ ಮೆತ್ತಗೆ ಮಾಡುತ್ತವೆ. ತುಟಿ ಸವೆದ ಸೀಲ್‌ಗೆ, ಸವೆದ ಬೇರಿಂಗ್‌ಗೆ ಅದರಿಂದ ಏನೂ ಆಗದು. ನಿಮ್ಮದು ಈಗ ಎಣ್ಣೆ ಸೋರಿಕೆಯ ಪ್ರಶ್ನೆಯಾಗಿ ಉಳಿದಿಲ್ಲ, ಬ್ರೇಕ್‌ನ ಪ್ರಶ್ನೆ. ಬ್ರೇಕ್ ಎಡಕ್ಕೆ ಎಳೆಯುತ್ತಿದೆ ಎಂದರೆ ಬಲಗಡೆಯ ಶೂ (ಡ್ರಮ್‌ಗೆ ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಭಾಗ) ಎಣ್ಣೆಯಲ್ಲಿ ನೆನೆದು ಹಿಡಿಯುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಗಾಡಿ ಓಡಿಸಬೇಡಿ.

ಡ್ರಮ್ ತೆಗೆದು ನೋಡಿ. ಆಕ್ಸಲ್ ಸೀಲ್ ಸೋರಿದರೆ ಗಂಧಕದ ವಾಸನೆಯ ದಪ್ಪ ಎಣ್ಣೆ ಆಕ್ಸಲ್ ಮಧ್ಯದಿಂದ ಕೆಳಕ್ಕೆ ಇಳಿದಿರುತ್ತದೆ. ವೀಲ್ ಸಿಲಿಂಡರ್ (ಬ್ರೇಕ್ ಎಣ್ಣೆಯ ಒತ್ತಡದಿಂದ ಶೂಗಳನ್ನು ತಳ್ಳುವ ಭಾಗ) ಸೋರಿದರೆ ಶೂಗಳ ಮೇಲ್ತುದಿಯಲ್ಲಿ ಅದರ ರಬ್ಬರ್ ಟೋಪಿಯ ಅಂಚು ತೆಳ್ಳನೆಯ ದ್ರವದಲ್ಲಿ ಒದ್ದೆಯಾಗಿರುತ್ತದೆ, ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ.

ಆಕ್ಸಲ್ ಸೀಲ್ ಆಗಿದ್ದರೆ ಶಾಫ್ಟ್ ಹೊರಗೆ ಎಳೆಯುವ ವಿಧಾನ ಆಕ್ಸಲ್‌ನ ಬಗೆಯ ಮೇಲೆ ಹೋಗುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಕವರ್ ಬಿಚ್ಚಿ, ಶಾಫ್ಟ್‌ನ ಒಳತುದಿಯಲ್ಲಿರುವ ಸಿ ಆಕಾರದ ಕ್ಲಿಪ್ ತೆಗೆದರೆ ಮಾತ್ರ ಅದು ಬರುತ್ತದೆ. ಕೆಲವದರಲ್ಲಿ ಬ್ರೇಕ್ ತಟ್ಟೆಯ ಹಿಂದಿನ ನಾಲ್ಕು ನಟ್ ಬಿಚ್ಚಿದರೆ ಬೇರಿಂಗ್ ಸಮೇತ ಬರುತ್ತದೆ, ಆದರೆ ಬೇರಿಂಗ್ ಹಿಡಿದಿರುವ ಕಾಲರ್ ಒತ್ತಿ ಕೂರಿಸಿದ್ದು. ಅದನ್ನು ತೆಗೆದು ಹೊಸದನ್ನು ಕೂರಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸುವ ಕೆಲಸವಲ್ಲ, ಚಕ್ರ ಉಳಿಯುವುದು ಅದೇ ಕಾಲರ್‌ನ ಹಿಡಿತದ ಮೇಲೆ. ಇಷ್ಟನ್ನು ವರ್ಕ್‌ಶಾಪ್‌ಗೆ ಬಿಡಿ. ಮೊದಲು ಬ್ರೀದರ್ ನೋಡುವುದನ್ನು ಮರೆಯಬೇಡಿ, ಎಣ್ಣೆಯ ಮಟ್ಟವನ್ನೂ.

ಹೊಸಚಾಲಕ

ಡ್ರಮ್ ತೆಗೆದೆ. ದಪ್ಪ ಎಣ್ಣೆ, ನಡುವಿನಿಂದಲೇ ಇಳಿದಿದೆ, ವಾಸನೆ ನೀವು ಹೇಳಿದ್ದೇ. ವೀಲ್ ಸಿಲಿಂಡರ್ ಒಣಗಿದೆ. ಬ್ರೀದರ್ ಮುಚ್ಚಳ ಅಲುಗಾಡುತ್ತಿಲ್ಲ. ಶೂಗಳನ್ನು ಪೆಟ್ರೋಲ್‌ನಲ್ಲಿ ತೊಳೆದು, ಮೇಲ್ಮೈ ಉಜ್ಜಿ ಮತ್ತೆ ಹಾಕಬಹುದೇ? ಇನ್ನೂ ಅರ್ಧದಷ್ಟು ದಪ್ಪ ಇದೆ.

ಪಾನಾಪೆಟ್ಟಿಗೆ

ಬೇಡ. ಎಣ್ಣೆ ಶೂವಿನ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ, ಒಳಗೆ ಇಳಿದಿರುತ್ತದೆ. ಉಜ್ಜಿದಾಗ ಒಣಗಿದಂತೆ ಕಂಡರೂ ಬ್ರೇಕ್ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಹೊಸ ಶೂ ಹಾಕಿ, ಎಡಗಡೆಯದನ್ನೂ ಸೇರಿಸಿ ಬದಲಿಸಿ, ಒಂದೇ ಕಡೆ ಹೊಸದಾದರೆ ಎಳೆತ ಉಳಿಯುತ್ತದೆ. ಡ್ರಮ್ಮನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ಮತ್ತೆ ಬಳಸಬಹುದು, ಪೆಟ್ರೋಲ್ ಮಾತ್ರ ಬೇಡ. ಸೀಲ್ ಬದಲಿಸಿ ಒಣಗಿದೆ ಎಂದು ಖಚಿತವಾದ ಮೇಲೆಯೇ ಹೊಸ ಶೂ ಕೂರಿಸಿ.